ಎಲೆಯಿರುವ ಬೀಟೆ

ದಾಂಡೇಲಿ, ಗುರುವಾರ

ಅವ್ವಾ, ನಮಸ್ಕಾರ. ನೀನು ಬೇಡವೆಂದರೂ ಅಪ್ಪ ಗುಡ್ಡ ಹತ್ತಿಯೇಬಿಟ್ಟರು! ಹಿಂದೆ ಮರದ ದಿಮ್ಮಿ ಹೊತ್ತ ಲಾರಿಗಳು ಇಳಿಯುತ್ತಿದ್ದ ಹಳೇ ರಸ್ತೆ, ಈಗ ಅದರ ತುಂಬ ಹುಲ್ಲು. ಭಾಲ್ಕಿಯಲ್ಲಿ ಬಡಿಗತನ ಬಿಟ್ಟ ಮೇಲೆ ಮಾತನ್ನೂ ಬಿಟ್ಟಿದ್ದ ಮನುಷ್ಯ, ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ತುದಿಯಲ್ಲಿ ಏನು ಚೆಂದ ಅಂತೀ! ಮೋಡಗಳು ನಮ್ಮ ಕಾಲ ಕೆಳಗೇ ತೇಲುತ್ತಿದ್ದವು. ಅಪ್ಪ ಮಾತ್ರ ಅದಕ್ಕೆಲ್ಲ ಬೆನ್ನು ಮಾಡಿ ಒಂದು ದೊಡ್ಡ ಮರವನ್ನೇ ನೋಡುತ್ತ ನಿಂತರು.

“ಇದ್ಯಾವ ಗಿಡಾರೀ?” ಎಂದು ಜೊತೆಗೆ ಬಂದಿದ್ದ ಗೈಡ್‌ನನ್ನು ಕೇಳಿದರು.

“ಬೀಟೆ,” ಎಂದ ಆತ.

ಆಯುಷ್ಯವೆಲ್ಲ ಬೀಟೆಯ ಹಲಗೆಗೆ ರಂದಾ ಹೊಡೆದು ನುಣುಪು ಮಾಡಿದವರು, ಎಲೆಯಿರುವ ಬೀಟೆಯನ್ನು ನೋಡಿದ್ದು ಇದೇ ಮೊದಲು! ತೊಗಟೆ ಸವರಿ ನಕ್ಕರು. “ಇದಕ್ಕ ಇಷ್ಟ ದುಂಡನ್ನ ಎಲಿ ಇರ್ತಾವೇನು!” ಆಮೇಲೆ ಇಳಿಯುವಾಗ ಮಾತೋ ಮಾತು.

ಅವರ ಮೊಣಕಾಲು ಸ್ವಲ್ಪ ಊದಿದೆ. ಎಣ್ಣೆ ತಿಕ್ಕಿದ್ದೇನೆ, ಗಾಬರಿಯಾಗಬೇಡ. ಕಾರ್ಡಿನಲ್ಲಿ ಜಾಗವಿಲ್ಲ, ಆದರೂ ಇದೊಂದನ್ನು ಬರೆಯಲೇಬೇಕೆಂದು ಅಪ್ಪ ಪಕ್ಕದಲ್ಲೇ ಕೂತಿದ್ದಾರೆ: “ನಮ್ಮ ತಲಬಾಗಲಾನೂ ಬೀಟಿದೇ ಅದ. ಇನ್ಮ್ಯಾಲ ದಡಲ್ಲಂತ ಹಾಕಬ್ಯಾಡ ಅಂತ ಬರಿ ನಿಮ್ಮವ್ವಗ.”

ಈಶ್ವರಿ