ಸಾಹುಕಾರರು ತಂದ ರೈಫಲ್

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗೋದಾಮಿನ ತೇವಕ್ಕೆ ಕೆಮ್ಮು ಹೆಚ್ಚಾಗಿತ್ತು, ಈಗ ಪರವಾಗಿಲ್ಲ ಅಂತ ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಹೆಚ್ಚಾಗಿತ್ತು ಎಂಬುದನ್ನು ನಂಬಿದೆ, ಪರವಾಗಿಲ್ಲ ಎಂಬುದನ್ನು ನಂಬಲಿಲ್ಲ. ನನ್ನ ಬುದ್ಧಿಯೇ ಹಾಗೆ, ನನಗೆ ಪೊಲೀಸಮ್ಮ ಅಂತ ಹೆಸರಿಟ್ಟವನು ನೀನೇ ತಾನೆ? ಬಿಸಿನೀರು ಕುಡಿ, ಕಿವಿಗೆ ಬಟ್ಟೆ ಕಟ್ಟಿಕೋ. ಅಪ್ಪ ಆರಾಮಾಗಿದ್ದಾರೆ. ದಿನಾ ಕೋಲೂರಿಕೊಂಡು ಅಂಗಡಿಗೆ ಬರುತ್ತಾರೆ. ನಾನು ಹೊಲಿಗೆ ಯಂತ್ರ ಬಿಚ್ಚಿ ಹರಡಿಕೊಂಡು ಕೂತರೆ ಪಕ್ಕದಲ್ಲಿ ಸ್ಕ್ರೂಗಳನ್ನು ದೊಡ್ಡದು ಚಿಕ್ಕದು ಅಂತ ಬೇರೆ ಮಾಡುತ್ತಾ, ಬಂದ ಗಿರಾಕಿಗಳ ಹತ್ತಿರ ನನ್ನ ಮೇಲೆ ಚಾಡಿ ಹೇಳುತ್ತಾರೆ. ನನ್ನ ಯಜಮಾನರಿಗೆ ಎಂದಿನಂತೆ ವಾರವಿಡೀ ಸ್ಕೂಲು, ಭಾನುವಾರ ಶೂಟಿಂಗ್ ಕ್ಲಬ್ಬು. ಬಂದೂಕು ಕಂಡರೆ ಮಕ್ಕಳು ಮಿಠಾಯಿ ಕಂಡ ಹಾಗೆ ಆಡುತ್ತಾರೆ. ಈಗ ನನ್ನ ತಲೆ ಕೆಟ್ಟು ಮೊಸರಾಗಿರುವುದಕ್ಕೂ ಒಂದು ಬಂದೂಕೇ ಕಾರಣ.

ನಿನ್ನೆ ಮಧ್ಯಾಹ್ನ ಸಾಮಿಲ್ ಸಾಹುಕಾರರು ಅಂಗಡಿಗೆ ಬಂದಿದ್ದರು. ಅಪ್ಪ ಊಟಕ್ಕೆ ಒಳಗೆ ಹೋದದ್ದನ್ನು ನೋಡಿಕೊಂಡೇ ಬಂದರೆಂದು ನನ್ನ ಅನುಮಾನ. ತುಂಬ ಇಳಿದುಹೋಗಿದ್ದಾರೆ, ಅಂಗಿಯ ಕಾಲರಿನೊಳಗೆ ಕುತ್ತಿಗೆ ಅಲ್ಲಾಡುತ್ತಿತ್ತು. ಕಂಕುಳಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಗಂಟು. ಮೇಜಿನ ಮೇಲೆ ಬಿಚ್ಚಿದರು ನೋಡು. ಅದೇ ರೈಫಲ್, ಅಣ್ಣಾ. ಹಂದಿ ಬೇಟೆಯ ದಿನ ಸಾಹುಕಾರರು ನಿನ್ನ ಕೈಗೆ ಕೊಟ್ಟದ್ದು. ಅದೇ ಕಂದು ಮರ, ಗುಂಡು ತುಂಬಲು ಎಳೆಯುವ ಅದೇ ಉರುಟು ತಲೆಯ ಬೋಲ್ಟು. 'ಇದನ್ನ ಮಾರ್ತಿದೀನಿ ಕಣಮ್ಮ, ನಿಮಗೇ ಕೊಡೋಣ ಅಂತ ತಂದೆ' ಅಂದರು. ಕೇಳಿದ ಬೆಲೆಗೆ ಒಂದು ಹಳೇ ಹೊಲಿಗೆ ಯಂತ್ರವೂ ಬರುವುದಿಲ್ಲ.

ನೀನೇ ಹೇಳು, ಇದಕ್ಕೆ ಏನರ್ಥ? ಊರಲ್ಲಿ ಬೇರೆ ಗಿರಾಕಿಗಳೇ ಇರಲಿಲ್ಲವೇ? ಅಪ್ಪನ ಕಾಲು ತೆಗೆದ ಬಂದೂಕನ್ನು ಅಪ್ಪನ ಮನೆಗೇ ತಂದು ಮಾರುವ ಮನುಷ್ಯ ಎಂಥವನಿರಬೇಕು! ನಿನ್ನ ಪಾಲಿಗೆ ಅವರು ದೇವರು, ನನಗೆ ಗೊತ್ತು. ಆವತ್ತು ಅವರೂ ನೀನೂ ಬಂದೂಕು ಹಿಡಿದು ಕಾದಿದ್ದಿರಿ; ನೀನು ಟ್ರಿಗರ್ ಒತ್ತಿದ ಗಳಿಗೆಯಲ್ಲೇ, ಹಂದಿ ಎಬ್ಬಿಸಲು ಪೊದೆ ಬಡಿಯುತ್ತಿದ್ದ ಅಪ್ಪ ಕೂಗಿಕೊಂಡು ಬಿದ್ದಾಗ ಅವರೇ ಓಡಿ ಬಂದು ನಿನ್ನ ಕೈಯಿಂದ ರೈಫಲ್ ಕಿತ್ತುಕೊಂಡರು, 'ಆಗಿದ್ದು ಆಯ್ತು, ನಾನಿದೀನಿ' ಅಂದರು, ಕೈಜಾರಿ ಆದದ್ದೆಂದು ಪೊಲೀಸರಿಗೆ ಹೇಳಿ ನಿನ್ನನ್ನು ಉಳಿಸಿದರು. ಆಸ್ಪತ್ರೆ ಅವರೇ ನೋಡಿಕೊಂಡರು, ಅಪ್ಪನಿಗೆ ವಯಸ್ಸಾಗುವ ತನಕ ಮಿಲ್ಲಿನ ಗೇಟಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಎಲ್ಲ ನಿಜ. ಆದರೂ ಅಷ್ಟೊಂದು ಒಳ್ಳೆಯತನ ನನಗೆ ಯಾವತ್ತೂ ಜೀರ್ಣವಾಗಲಿಲ್ಲ. ನೀನು ಪ್ರತಿ ಕಾಗದದಲ್ಲೂ ಅವರ ಆರೋಗ್ಯ ವಿಚಾರಿಸುತ್ತೀಯ. ಅಪ್ಪನ ಮುಖ ನೋಡಲು ಮಾತ್ರ ಹದಿನಾಲ್ಕು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಬೈಯಬಾರದು ಅಂದುಕೊಂಡಿದ್ದೆ, ಬೈದುಬಿಟ್ಟೆ. ಅಪ್ಪ ಒಂದು ದಿನವೂ ನಿನ್ನನ್ನು ದೂರಿಲ್ಲ. 'ನನ್ನ ಕಾಲು ನೋಡೋಕೆ ಅವನಿಗೆ ಧೈರ್ಯ ಇಲ್ಲ, ಬಿಡು' ಅನ್ನುತ್ತಾರೆ. ಹಾಗೆ ಹೇಳಿ ರಸ್ತೆಯ ಕಡೆ ನೋಡುತ್ತಾರೆ.

ನನ್ನ ಯಜಮಾನರು ಸಂಜೆ ಬಂದವರೇ ರೈಫಲ್ ನೋಡಿ ಕುಣಿದಾಡಿಬಿಟ್ಟರು. ಬೇಟೆಯ ಕಥೆ ಇವರಿಗೆ ಗೊತ್ತು, ರೈಫಲ್ ಇದೇ ಎಂದು ಗೊತ್ತಿರಲಿಲ್ಲ. ಹೇಳಿದ ಮೇಲೆ ಪಾಪ, ಮುಖ ಸಣ್ಣದಾಯಿತು. ಆದರೂ ಕೈ ಬಿಡಲಿಲ್ಲ. 'ಇಂಥ ಹಳೇ ಬೋಲ್ಟ್ ರೈಫಲ್ ಈಗ ಹುಡುಕಿದರೂ ಸಿಗಲ್ಲ ಕಣೇ' ಅನ್ನುತ್ತಾ ಬೋಲ್ಟು ಹಿಂದಕ್ಕೆಳೆದು, ಒಳಗೆ ಖಾಲಿ ಎಂದು ನೋಡಿಕೊಂಡು, ಮುಂದಕ್ಕೆ ತಳ್ಳಿ ಟ್ರಿಗರ್ ಒತ್ತಿದರು. ಟಕ್ ಎನ್ನಬೇಕಾದ್ದು ಮೆತ್ತಗೆ ಏನೋ ಅಂದು ಸುಮ್ಮನಾಯಿತು. ಗುಂಡಿನ ಹಿಂಭಾಗಕ್ಕೆ ಹೋಗಿ ಬಡಿಯುವ ಮೊಳೆ ಒಳಗೆ ಮುರಿದಿರಬೇಕಂತೆ. ನೋಡಿದೆಯಾ? ಕೆಟ್ಟ ಮಾಲು! ಆದರೆ ಅಣ್ಣಾ, ಕೆಟ್ಟ ಮಾಲು ಮಾರುವವನು ಬಾಯಿ ಮುಚ್ಚಿಕೊಂಡು ಮಾರುತ್ತಾನೆ. ಸಾಹುಕಾರರು ಹೋಗುವಾಗ ಮೂರು ಸಲ 'ಬಿಚ್ಚಿ ನೋಡದೆ ತಗೋಬೇಡ, ನೀನು ಯಂತ್ರ ಬಲ್ಲವಳು, ಬಿಚ್ಚಿ ನೋಡು' ಅಂದುಹೋದರು. ಬಿಚ್ಚಿ ನೋಡಿ ಎಂದು ಗೋಗರೆಯುವ ವ್ಯಾಪಾರಿಯನ್ನು ನಾನಂತೂ ಈ ಜನ್ಮದಲ್ಲಿ ಕಂಡಿಲ್ಲ.

ಜೊತೆಗೆ ಒಂದು ಸಣ್ಣ ತಗಡಿನ ಡಬ್ಬಿಯನ್ನೂ ಇಟ್ಟುಹೋಗಿದ್ದಾರೆ. 'ಆ ದಿನದಿಂದ ಈ ರೈಫಲ್ ಯಾರೂ ಮುಟ್ಟಿಲ್ಲ. ಇದೂ ಅದರದ್ದೇ. ನೀನೇ ತೆಗಿಬೇಕು, ನಿನ್ನ ಗಂಡ ಅಲ್ಲ' ಅಂದರು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಮೀಟಿ ತೆಗೆಯಬಹುದಿತ್ತು, ತೆಗೆಯಲಿಲ್ಲ. ಡಬ್ಬಿ ತೆಗೆದಿರಿ, ವ್ಯಾಪಾರ ಕುದುರಿತು, ಇನ್ನು ವಾಪಸ್ ತಗೊಳ್ಳಲ್ಲ ಅಂತ ನಾಳೆ ತಕರಾರು ತೆಗೆದರೆ? ನಗಬೇಡ. ಮುಚ್ಚಳದ ಸುತ್ತ ನಾಲ್ಕು ಹನಿ ಮೆಷಿನ್ ಎಣ್ಣೆ ಮಾತ್ರ ಬಿಟ್ಟಿದ್ದೇನೆ.

ರೈಫಲನ್ನು ಅಪ್ಪನಿಗೆ ಕಾಣದಂತೆ ಯಂತ್ರದ ಮುಚ್ಚಳಗಳ ಹಿಂದೆ ಇಟ್ಟೆ. ರಾತ್ರಿ ಮಲಗಿದರೆ ಬೇಟೆಯ ಹಿಂದಿನ ಸಂಜೆಯೇ ಕಣ್ಣ ಮುಂದೆ. ಅಮ್ಮ ಹೋದ ಮೇಲೆ ನೀನೇ ನನಗೆ ಜಡೆ ಹಾಕುತ್ತಿದ್ದೆ. ಆವತ್ತು ಅರ್ಧ ಹೆಣೆದು ಬಿಟ್ಟು ಸಾಹುಕಾರರು ಕೊಟ್ಟ ಗುಂಡು ತೋರಿಸಿದೆ. ಹೊಸಬನೆಂದು ಒಂದೇ ಒಂದು ಗುಂಡು ಕೊಟ್ಟಿದ್ದರು, ನಿನಗೋ ಕಿರೀಟ ಇಟ್ಟಷ್ಟು ಜಂಬ. ನೀನು ಆಚೆ ಹೋದಾಗ ನಾನು ಹೊಲಿಗೆ ಸೂಜಿಯಿಂದ ಅದರ ಹಿತ್ತಾಳೆಯ ಮೇಲೆ ಒಂದು ಮೀನು ಗೀಚಿದೆ, ಬಾಲ ಸೊಟ್ಟಗಾಯಿತು. ನೀನು ಬಂದು ನನ್ನ ತಲೆಗೆ ಮೊಟಕಿದೆ. ಆ ಮೀನಿನ ದೆಸೆಯಿಂದಲೇ ಅಪ್ಪನಿಗೆ ಹಾಗಾಯಿತೆಂದು ಎಷ್ಟೋ ವರ್ಷ ಒಳಗೊಳಗೇ ಅತ್ತಿದ್ದೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈಗ ನಿನ್ನನ್ನು ಕೇಳುತ್ತಿದ್ದೇನೆ. ಈ ರೈಫಲ್ ಕೊಳ್ಳಲೋ ಬೇಡವೋ? ಇವರಿಗೆ ಆಸೆಯಿದೆ, ನನಗೆ ಭಯವಿದೆ. ಅದು ಗೋಡೆಯ ಮೇಲಿದ್ದರೆ ನೀನು ಈ ಮನೆಯ ಹೊಸ್ತಿಲು ಇನ್ನೆಂದೂ ತುಳಿಯುವುದಿಲ್ಲ ಎಂಬ ಭಯ. ನೀನು ಬೇಡವೆಂದರೆ ಸಾಹುಕಾರರ ಮನೆ ಬಾಗಿಲಿಗೇ ಬಿಸಾಕಿ ಬರುತ್ತೇನೆ. ಬೇಗ ಬರೆ.

ಅಪ್ಪನ ಆಶೀರ್ವಾದ, ಇವರ ನಮಸ್ಕಾರ. ಕಿವಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡ.

ನಿನ್ನ ತಂಗಿ,
ಪೊಲೀಸಮ್ಮ

ಮರೆತಿದ್ದು, ಅಲ್ಲ, ಈಗ ಆದದ್ದು: ಬುಧವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಡಬ್ಬಿ ಅಲ್ಲಾಡಿಸಿದೆ, ಮುಚ್ಚಳ ಬಂತು. ಒಳಗೆ ಒಂದು ಗುಂಡಿದೆ. ಹಾರಿದ ಮೇಲೆ ಉಳಿಯುವ ಖಾಲಿ ತೋಟೆ ಅಲ್ಲ ಅಣ್ಣಾ, ಇಡೀ ಗುಂಡು. ಹಿಂಭಾಗದಲ್ಲಿ ಮೊಳೆ ತಗುಲಿದ ಗುರುತೇ ಇಲ್ಲ. ಹಿತ್ತಾಳೆಯ ಮೇಲೆ ಮೀನಿದೆ, ಸೊಟ್ಟ ಬಾಲದ ಮೀನು. ಕೂಡಲೇ ಬೋಲ್ಟು ಬಿಚ್ಚಿದೆ. ಮೊಳೆ ಮುರಿದದ್ದು ನಿನ್ನೆ ಮೊನ್ನೆಯಲ್ಲ, ಮುರಿದ ಜಾಗದಲ್ಲಿ ಹಳೇ ಗ್ರೀಸು ಕಪ್ಪಗೆ ಕಲ್ಲಾಗಿದೆ. ಮುರಿದ ಸೂಜಿ ನೋಡಿ ನೋಡಿ ನನ್ನ ಕಣ್ಣು ಪಳಗಿದೆ, ಇದರಲ್ಲಿ ನಾನು ಮೋಸ ಹೋಗುವುದಿಲ್ಲ. ನಿನ್ನ ರೈಫಲ್ ಆ ದಿನ ಹಾರಲೇ ಇಲ್ಲ. ನೀನು ಟ್ರಿಗರ್ ಒತ್ತಿದ ಗಳಿಗೆಯಲ್ಲೇ ಹಾರಿದ್ದು ಸಾಹುಕಾರರ ಬಂದೂಕು, ಅಲ್ಲಿದ್ದದ್ದು ನಿಮ್ಮಿಬ್ಬರ ಬಂದೂಕು ಮಾತ್ರ. ಹದಿನಾಲ್ಕು ವರ್ಷ ಗೊತ್ತಿದ್ದೂ ಸುಮ್ಮನಿದ್ದ ಆ ಮನುಷ್ಯ, ಬಾಯಿಬಿಟ್ಟು ಹೇಳಲಾರದೆ ಮಾರಲು ಬಂದಿದ್ದಾನೆ. ರೈಫಲ್ ಕೊಳ್ಳುತ್ತೇನೆ, ಇನ್ನು ನಿನ್ನನ್ನು ಕೇಳುವುದಿಲ್ಲ. ಅವನ ಹತ್ತಿರ ಆಡುವ ಮಾತು ಬಹಳ ಇದೆ, ನೀನು ಬಂದ ಮೇಲೆ ಇಬ್ಬರೂ ಹೋಗೋಣ. ಅಪ್ಪನಿಗೆ ಹೇಳಿದೆ. ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ಕೂತಿದ್ದಾರೆ. ಒಳಗಿಡುತ್ತೇನೆ ಕೊಡಿ ಎಂದರೆ, 'ಅವನು ಬರಲಿ, ಅವನ ಕೈಗೇ ಕೊಡ್ತೀನಿ' ಅನ್ನುತ್ತಾರೆ. ಹೊರಟು ಬಾ ಅಣ್ಣಾ.