ನೀನು ಸುತ್ತಿ ಹೋಗುತ್ತಿದ್ದ ಜಾಗ

ಅಪ್ಪಾ,

ನೀನು ತೀರಿಹೋದ ಮೇಲೆ ಈ ಕಾಗದಕ್ಕೆ ಅಂಚೆಚೀಟಿ ದಂಡ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಖುಷಿ ತಡೆಯಲಾಗುತ್ತಿಲ್ಲ. ನೀನು ದುಡಿದ ಬಣ್ಣದ ಕಾರ್ಖಾನೆಯ ಹೊಳೆದಂಡೆ ಜಾಗದಲ್ಲಿ ನಾನು ಕೆಲಸಕ್ಕಿರುವ ನಗರಸಭೆ ಮನೆ ಕಟ್ಟಿಸಲಿದೆ. ಅದಕ್ಕೂ ಮೊದಲು ಮಣ್ಣಿನ ವಿಷ ಪರೀಕ್ಷಿಸಲು, ಮೇಲಿನವರ ಮರ್ಜಿ ಹಿಡಿದು, ನಲವತ್ತು ಪುಟದ ಅರ್ಜಿ ಬರೆದು ಅನುದಾನ ತಂದವಳು ನಾನೇ. ಬಂದ ಹಣ ಹನ್ನೆರಡು ಕುಳಿ ಕೊರೆಯಲಷ್ಟೇ ಸಾಕು. ಅವುಗಳಲ್ಲಿ ಏನೂ ಸಿಗದಿದ್ದರೆ ಶುದ್ಧಮಾಡಲು ಹಣ ಬರುವುದಿಲ್ಲ, ವಿಷದ ಮೇಲೆಯೇ ಮನೆಗಳು ಏಳುತ್ತವೆ.

ಇವತ್ತು ಹನ್ನೊಂದು ಕುಳಿ ಕೊರೆದರೂ ಬರೀ ಒಳ್ಳೆಯ ಮಣ್ಣು.

“ಕೊನೇದು ಎಲ್ಲಿ ಮೇಡಂ? ಕಣ್ಮುಚ್ಚಿ ಕಲ್ಲು ಎಸೀತೀರಾ?” ಎಂದು ಎಂಜಿನಿಯರ್ ರೇಗಿಸಿದ.

ಆಗ ನೆನಪಾಯಿತು. ಪಾಳಿ ಮುಗಿಸಿ ನನ್ನ ಕೈಹಿಡಿದು ಬರುವಾಗ ಬಾಯ್ಲರ್ ಶೆಡ್ಡಿನ ಹಿಂದಿನ ಬಯಲನ್ನು ನೀನು ತುಳಿಯುತ್ತಲೇ ಇರಲಿಲ್ಲ. “ಕಾಲು ನೋಯುತ್ತೆ, ನೇರ ಹೋಗೋಣ” ಎಂದರೆ, “ಸುತ್ತಿ ಹೋದ್ರೆ ಚೆನ್ನಾಗಿ ಹಸಿವಾಗುತ್ತೆ ಪುಟ್ಟಿ” ಎನ್ನುತ್ತಿದ್ದೆ.

ಆ ಬಯಲನ್ನೇ ತೋರಿಸಿದೆ. ಆಳುದ್ದ ಇಳಿಯುವಷ್ಟರಲ್ಲಿ ಕಡುನೀಲಿ ಮಣ್ಣು, ಹಿಂದೆಯೇ ತುಕ್ಕು ಹಿಡಿದ ಡ್ರಮ್ಮಿನ ಚೂರು ಮೇಲೆ ಬಂತು. ಎಂಜಿನಿಯರ್ ಕುಣಿಯುವುದೊಂದು ಬಾಕಿ. ವಿಷ ಕಂಡು ಇಷ್ಟು ಹರ್ಷ ಪಟ್ಟವರು ಊರಲ್ಲಿ ನಾವೇ ಮೊದಲಿರಬೇಕು.

“ಯಾರು ಹೇಳಿದ್ದು ಮೇಡಂ?”

“ನಮ್ಮಪ್ಪ. ಇಲ್ಲೇ ಕೆಲಸಕ್ಕಿದ್ರು.”

“ಭಲೇ ಅಪ್ಪ ಕಣ್ರೀ.”

ಸಂಜೆ ವರದಿ ತುಂಬುವಾಗ, “ಮಾಹಿತಿ ನೀಡಿದ ಕಾರ್ಮಿಕ” ಎಂಬಲ್ಲಿ ನಿನ್ನ ಹೆಸರನ್ನು ದುಂಡಗೆ ಬರೆದೆ. ಅದರ ಕೆಳಗೆ, “ಕೆಲಸದ ಬಗ್ಗೆ ಇವರನ್ನು ಯಾರಾದರೂ ಎಂದಾದರೂ ವಿಚಾರಿಸಿದ್ದರೇ?” ಎಂದಿತ್ತು.

“ಇಲ್ಲ” ಎಂದು ಬರೆದು ಸಹಿ ಹಾಕಿದೆ.

ನಿನ್ನ
ಪುಟ್ಟಿ