ಮದುವೆ ಊಟದ ಆಮೆ

ಅಪ್ಪಾ,

ನೀನೀಗ ಯಾವ ಊರಲ್ಲಿದ್ದೀಯೋ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ.

ನಾಳೆ ನನ್ನ ಮದುವೆ. ಬೆಳಿಗ್ಗೆ ಎವ್ರಾರ್ ಚಿಕ್ಕಪ್ಪ ಕತ್ತಿ ಹಿಡಿದು ಬಂದ. ನಮ್ಮ ಸೇಶೆಲ್ಸ್‌ನಲ್ಲಿ ಹೆಣ್ಣು ಹುಟ್ಟಿದ ಮನೆಯವರು ಮಾಡುವಂತೆ ನೀನೂ ನಾನು ಹುಟ್ಟಿದಾಗ ಅಂಗೈಯಗಲದ ಆಮೆಮರಿ ತಂದಿದ್ದೆಯಲ್ಲ, ನನ್ನ ಮದುವೆ ಊಟಕ್ಕೆಂದು? ಅದನ್ನು ಕಡಿಯಲು ಬಂದಿದ್ದ.

"ದಾರಿ ಬಿಡೇ ಸೋಲಾಂಜ್. ನೆಂಟರಿಗೇನು ಸೊಪ್ಪು ಬಡಿಸ್ತೀಯಾ?"

"ಮೀನು ಬಡಿಸ್ತೀನಿ. ಸಮುದ್ರ ಬತ್ತಿಲ್ವಲ್ಲ, ಚಿಕ್ಕಪ್ಪ."

"ನಿಮ್ಮಪ್ಪ ತಂದಿದ್ದೇ ತಿನ್ನೋಕೆ!"

"ತಂದಿದ್ದು ಅಪ್ಪ. ಸಾಕಿದ್ದು ನಾನು."

ಸುಳ್ಳೇ? ನೀನು ಮೊಂಬಾಸಾದ ಹಡಗು ಹತ್ತಿದ ಮೇಲೆ, ಆಗ್ನೇಯದ ಗಾಳಿಗೆ ಹುಲ್ಲು ಒಣಗಿದಾಗಲೆಲ್ಲ ದೀವಿಹಲಸಿನ ಎಲೆ ತಂದು ಹಾಕಿದವಳು ನಾನು. ಮಳೆಗಾಲದಲ್ಲಿ ಅದು ಕೆಸರಲ್ಲಿ ಕೂತರೆ ನಾನೂ ಪಕ್ಕದಲ್ಲಿ ಕೂತು ಅಮ್ಮನ ಕೈಲಿ ಬೈಸಿಕೊಂಡೆ. ಈಗ ನನ್ನನ್ನು ಹೊರುವಷ್ಟು ಬೆಳೆದಿದೆ. ಆದರೂ ಅದರ ಆಯಸ್ಸಿಗೆ ಅದಿನ್ನೂ ಮಗು.

ಚಿಕ್ಕಪ್ಪ ಜಗ್ಗಲಿಲ್ಲ. ನಾನು ಚಿಪ್ಪಿನ ಮೇಲೆ ಹತ್ತಿ ಕೂತುಬಿಟ್ಟೆ. ಅದು ನನ್ನನ್ನೂ ಹೊತ್ತುಕೊಂಡು ನಿಧಾನವಾಗಿ ಎಲೆಗಳ ಕಡೆ ಹೊರಟಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ನಕ್ಕುಬಿಟ್ಟಳು. ಅಮ್ಮ ನಕ್ಕ ಮೇಲೆ ಚಿಕ್ಕಪ್ಪ ಇನ್ನೇನು ಮಾಡಿಯಾನು? ಕತ್ತಿ ಚೀಲಕ್ಕೆ ಹಾಕಿಕೊಂಡು ಹೋದ.

"ನಿನ್ನ ಮದುವೆಗೆ ಬಂದೇ ಬರ್ತೀನಿ, ಇದರ ಮೊದಲ ತುತ್ತು ನಂದು" ಅಂದು ಹೋದವನು ನೀನು. ಆ ತುತ್ತು ಈಗ ಅಂಗಳದಲ್ಲಿ ಎಲೆ ಜಗಿಯುತ್ತಿದೆ. ನಾಳೆ ನೀನು ದೋಣಿಯಿಂದ ಇಳಿದು ಬಂದರೂ ನಿನಗೆ ಮೀನೇ. ಬೇಕಿದ್ದರೆ ಮುಳ್ಳು ಬಿಡಿಸಿ ಕೊಡುತ್ತೇನೆ, ಅಷ್ಟೇ.